ಪದ ಬೇಕು: ಬರ್ಸೈಟಿಸ್, ರೆಡ್ ಲೈಟ್ ಥೆರಪಿ (ನಾಳೆಯೇ ಪ್ರೆಸ್ಸಿಗೆ ಕೊಡಬೇಕು)

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಕರಪತ್ರ ಅನುವಾದ ಮಾಡಿಕೊಡುತ್ತಿದ್ದೇನೆ. ಮನೆಯಲ್ಲೇ ರೆಡ್ ಲೈಟ್ ಥೆರಪಿ (ನೋವಿರುವ ಜಾಗಕ್ಕೆ ಯಂತ್ರದಿಂದ ಕೆಂಪು ಬೆಳಕು ಹಿಡಿಯುವುದು) ಮಾಡಿಕೊಳ್ಳುವವರಿಗೆ ಸೂಚನೆಗಳು. ಎರಡು ಪದಕ್ಕೆ ಬಂದು ನಿಂತಿದ್ದೇನೆ.

ಮೊದಲನೆಯದು ಬರ್ಸೈಟಿಸ್. ಕೀಲಿನ ಹತ್ತಿರ ತಿಕ್ಕಾಟ ಆಗದಿರಲಿ ಅಂತ ಸಣ್ಣ ಸಣ್ಣ ಚೀಲಗಳಿರುತ್ತವೆ, ಒಳಗೆ ಚೂರು ಜಾರು ದ್ರವ. ಅದೇ ಬರ್ಸಾ. ಅದು ಊದಿಕೊಂಡರೆ ಬರ್ಸೈಟಿಸ್. ಇವರ ಹತ್ತಿರ ಬರುವವರು ಜಾಸ್ತಿ ಟೈಲ್ಸ್ ಹಾಕುವವರು. ದಿನವಿಡೀ ಮೊಣಕಾಲೂರಿ ಕೆಲಸ. 'ಕೀಲುಚೀಲದ ಬಾವು' ಎಂದು ಬರೆದಿದ್ದೇನೆ. ನಡೆಯುತ್ತದಾ?

ಎರಡನೆಯದಕ್ಕೆ 'ಕೆಂಪು ದೀಪ ಚಿಕಿತ್ಸೆ' ಎಂದು ಬರೆದು ನಾನೇ ಹೊಡೆದುಹಾಕಿದೆ. ಬಜಾರಿನಲ್ಲಿ ಆ ಬೋರ್ಡ್ ಹಾಕಿದರೆ ಜನ ಏನನ್ನುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನಿಂದ:
ಬಾವು ತಪ್ಪು. ಬಾವು ಅಂದರೆ ಕೀವು. 'ಶ್ಲೇಷಕೋಶದ ಉರಿಯೂತ' ಎಂದು ಬರೆಯಿರಿ. ಮುಗಿಯಿತು.

ರಾಯಚೂರಿನಿಂದ:
ಮುಗಿಯಲಿಲ್ಲ ಸರ್. ನಿಮ್ಮ ಕಡೆ ಬಾವು ಅಂದರೆ ಕೀವು ಇರಬಹುದು. ನಮ್ಮಲ್ಲಿ ಕಾಲು ಉಳುಕಿ ದಪ್ಪಗಾದರೂ ಬಾವೇ. 'ಮೊಣಕಾಲು ಬಾತೈತ್ರಿ' ಅನ್ನುವವನಿಗೆ ಊತ ಇದೆ ಅಷ್ಟೇ, ಕೀವಿಲ್ಲ. ಬಾತದ್ದೇ ಬಾವು. ಶ್ಲೇಷಕೋಶ ಅಂತ ಓದಿದರೆ ಆ ಟೈಲ್ಸ್ ಕೆಲಸದವನು ಕರಪತ್ರ ಮಡಚಿ ಕಿಸೆಗೆ ಹಾಕಿಕೊಂಡು ಹೋಗುತ್ತಾನೆ.

ಹಾಂ, ಕಿಸೆ! ಅದೇ ಯಾಕಾಗಬಾರದು? ಬರ್ಸಾ ಅಂದರೆ ಲ್ಯಾಟಿನ್ನಿನಲ್ಲಿ ಚೀಲ. ಎಲ್ಲರ ಕೈಯಲ್ಲಿರುವ ಪರ್ಸ್ ಕೂಡ ಅದೇ ಬೇರಿನದು. 'ಕೀಲುಕಿಸೆ'. ನಾಲಿಗೆಗೂ ಸಲೀಸು.

ಮೈಸೂರಿನಿಂದ:
ಕಿಸೆ ಫಾರ್ಸಿಯದು. ಒಪ್ಪುವುದಿಲ್ಲ.

ರಾಯಚೂರಿನಿಂದ:
ಶ್ಲೇಷಕೋಶ ಯಾವ ಊರಿನ ಕನ್ನಡ ಸರ್? ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಸೀಮೆ. ದವಾಖಾನೆ, ಕಿಸೆ ಎಲ್ಲ ನಮ್ಮ ಅಜ್ಜಿಯ ಬಾಯಲ್ಲಿದ್ದ ಪದಗಳು. ಆಕೆಗೆ ಅವು ಕನ್ನಡವೇ. ಸಂಸ್ಕೃತದಿಂದ ಬಂದದ್ದು ಬೀಗರು, ಫಾರ್ಸಿಯಿಂದ ಬಂದದ್ದು ಬಾಡಿಗೆಯವರು, ಹೀಗಾ?

ಬಳ್ಳಾರಿಯಿಂದ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ನಮ್ಮಲ್ಲೇ 'ತಿತ್ತಿ' ಇದೆ. ತೊಗಲಿನ ಚೀಲ. ಕಮ್ಮಾರನ ತಿದಿ ಇದರ ಒಡಹುಟ್ಟು. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಇನ್ನು ಬರ್ಸಾ. ಲ್ಯಾಟಿನ್ನಿಗೇ ನಿಂತರೆ ಹೇಗೆ? ಅದರ ಹಿಂದಿನ ಗ್ರೀಕ್ ಬೇರಿಗೆ ತೊಗಲು ಎಂದೇ ಅರ್ಥ. ಅಲ್ಲಿಯೂ ತೊಗಲು, ಇಲ್ಲಿಯೂ ತೊಗಲು. ಇದಕ್ಕಿಂತ ಒಪ್ಪುವ ಪದ ತೋರಿಸಿ ನೋಡೋಣ. 'ಕೀಲುತಿತ್ತಿ'.

ಎರಡನೆಯದಕ್ಕೆ 'ಕೆಂಬೆಳಕು'. ಕೆಂದಾವರೆ, ಕೆಂದುಟಿ ಇದ್ದ ಹಾಗೆ. ಚಿಕಿತ್ಸೆ ಬೇಡ, ಆರೈಕೆ ಸಾಕು.

ಕೊಪ್ಪಳದಿಂದ:
ಮೇಷ್ಟ್ರೇ, ತಿತ್ತಿ ಚಂದ ಇದೆ. ಆದರೆ ಈಗಷ್ಟೇ ಕ್ಲಿನಿಕ್ಕಿನಲ್ಲಿ ಕೂತಿದ್ದ ಮೂವರನ್ನು ಕೇಳಿದೆ. ಇಬ್ಬರು ತಿತ್ತಿ ಕೇಳಿಯೇ ಇಲ್ಲ. ಒಬ್ಬರು 'ತುತ್ತೂರಿನಾ?' ಅಂದರು.

ಸಿಂಧನೂರಿನಿಂದ:
ನಾನು ನರ್ಸ್, ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ದಯವಿಟ್ಟು 'ಶಾಖ' ಅನ್ನುವ ಪದ ಎಲ್ಲೂ ಹಾಕಬೇಡಿ. ನಮ್ಮ ಜನ ಯಾವ ಯಂತ್ರ ಹಿಡಿದರೂ 'ಕರೆಂಟ್ ಕೊಟ್ರು', 'ಕಾಸಿದ್ರು' ಅನ್ನುತ್ತಾರೆ. ಈ ಬೆಳಕಿನ ಕೆಲಸ ಕಾಸುವುದಲ್ಲ. 630ರಿಂದ 660 ನ್ಯಾನೋಮೀಟರ್ ತರಂಗಾಂತರದ ಕೆಂಪು, ಕೆಲವು ಯಂತ್ರಗಳಲ್ಲಿ ಜೊತೆಗೆ ಕಣ್ಣಿಗೆ ಕಾಣದ 850. ಶಾಖ ಅಂತ ಓದಿದವರು 'ಬಿಸಿಯೇ ಆಗಲಿಲ್ಲ' ಎಂದು ಹತ್ತು ನಿಮಿಷದ್ದನ್ನು ಒಂದು ಗಂಟೆ ಇಟ್ಟುಕೊಳ್ಳುತ್ತಾರೆ.

'ವಾಸಿಯಾಗುತ್ತದೆ' ಎಂದೂ ಬೇಡ. ಬರ್ಸೈಟಿಸ್ ವಿಷಯದಲ್ಲಿ ಇದಕ್ಕೆ ಪುರಾವೆ ಕಡಿಮೆ. 'ನೋವು ತಗ್ಗಬಹುದು' ಅಷ್ಟು ಸಾಕು. ಮೊಣಕಾಲೂರುವುದನ್ನು ಕೆಲವು ದಿನ ಬಿಡದಿದ್ದರೆ ಯಾವ ಬೆಳಕು ಹಿಡಿದೂ ಪ್ರಯೋಜನ ಇಲ್ಲ.

ಬಾವಿನ ವಿಷಯದಲ್ಲಿ ನಾನು ಮೈಸೂರಿನವರ ಕಡೆ, ಆದರೆ ಕಾರಣ ಬೇರೆ. ಆ ಚೀಲಕ್ಕೆ ಸೋಂಕು ತಗುಲಿ ನಿಜವಾಗಿಯೇ ಕೀವಾಗುವುದೂ ಉಂಟು. ಚರ್ಮ ಕೆಂಪಗಾಗಿ, ಬಿಸಿಯಾಗಿ, ಜ್ವರ ಬಂದರೆ ಮನೆಯಲ್ಲಿ ಲೈಟ್ ಹಿಡಿದು ಕೂರಬಾರದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಎರಡಕ್ಕೂ ಬಾವು ಎಂದರೆ ಓದುವವರಿಗೆ ಹೇಗೆ ತಿಳಿಯಬೇಕು? 'ಊತ' ಹಾಕಿ.

ರಾಯಚೂರಿನಿಂದ:
ಒಪ್ಪಿದೆ. ಇದು ಕಾರಣ ಅಂದರೆ ಕಾರಣ.

ಮೈಸೂರಿನಿಂದ:
ಊತ ಆಗಲಿ. ಆದರೆ 850 ಕಣ್ಣಿಗೇ ಕಾಣದಿದ್ದರೆ ಅದು ಕೆಂಬೆಳಕು ಹೇಗಾಯಿತು? ಅದು ಅವಕೆಂಪು (ಇನ್‌ಫ್ರಾರೆಡ್).

ಬಳ್ಳಾರಿಯಿಂದ:
'ಅವ' ಸಂಸ್ಕೃತ, 'ಕೆಂಪು' ಕನ್ನಡ. ಅರಿಸಮಾಸ. ಬಿರುದಾವಳಿಗೆ ನಡೆಯುತ್ತದೆ, ಕರಪತ್ರಕ್ಕಲ್ಲ.

ಮೈಸೂರಿನಿಂದ:
ಉಪಸರ್ಗ ಸೇರಿದರೆ ಅರಿಸಮಾಸ ಎಂದು ಯಾವ ಸೂತ್ರ ಹೇಳುತ್ತದೆ?

ಕೊಪ್ಪಳದಿಂದ:
ಸೂತ್ರ ಹುಡುಕುತ್ತಿರಿ, ನಾನು ಪ್ರೆಸ್ಸಿಗೆ ಕಳಿಸಿಬಿಟ್ಟೆ. ಹೀಗಿದೆ:

"ಕೀಲಿನ ಚೀಲದ ಊತಕ್ಕೆ (ಬರ್ಸೈಟಿಸ್) ಮನೆಯಲ್ಲೇ ಕೆಂಪು ಬೆಳಕಿನ ಚಿಕಿತ್ಸೆ. ಇದು ಕಾಸುವ ಯಂತ್ರವಲ್ಲ, ಬಿಸಿಯಾಗಲಿ ಎಂದು ಕಾಯಬೇಡಿ. ಹೇಳಿದಷ್ಟೇ ನಿಮಿಷ ಇಡಿ. ಬೆಳಕನ್ನು ನೇರವಾಗಿ ನೋಡಬೇಡಿ. ಊದಿದ ಜಾಗ ಕೆಂಪಗಾಗಿ ಜ್ವರ ಬಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ."

ನರ್ಸ್ ಅಕ್ಕನಿಗೆ ವಿಶೇಷ ಥ್ಯಾಂಕ್ಸ್.

ಬಳ್ಳಾರಿಯಿಂದ:
ಕೆಂಬೆಳಕು ಎಂದಿದ್ದರೆ ಒಂದಕ್ಷರದ ಮಸಿಯಾದರೂ ಉಳಿಯುತ್ತಿತ್ತು.

ರಾಯಚೂರಿನಿಂದ:
ಮಸಿ ಎಲ್ಲಿಯದು ಮೇಷ್ಟ್ರೇ? ಬೇರೆ ಪತ್ರ ಶುರು ಮಾಡಲಾ?