ಮಣ್ಣಿನ ಗಢಿ ನೋಡಲು ಹೋದೆ, ಸಿಕ್ಕಿದ್ದು ಅಮೃತಶಿಲೆ. ಇದು ಸರಿನಾ?

ಕೋಟೆಬೀದಿ:
ನಮ್ಮದು ಬೀದರ್. ಹೋದ ಚಳಿಗಾಲದಲ್ಲಿ ಪಂಜಾಬಿಗೆ ಹೋಗಿದ್ದೆ. ಎಲ್ಲರೂ ಅಮೃತಸರ ನೋಡಿ, ವಾಘಾ ಗಡಿಯಲ್ಲಿ ಕೂಗಾಡಿ ವಾಪಸ್ ಬರುತ್ತಾರೆ. ನಾನು ರೋಪಡ್ ಜಿಲ್ಲೆಯ ಚಮಕೌರ್ ಸಾಹಿಬ್‌ಗೂ ಹೋದೆ. ಅದಕ್ಕೊಂದು ಕಾರಣ ಇದೆ. 1699ರ ಬೈಸಾಖಿ ದಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಕತ್ತಿ ಹಿರಿದು ತಲೆ ಕೊಡೋರು ಯಾರಿದ್ದೀರಿ ಎಂದು ಕೇಳಿದಾಗ ಐದು ಜನ ಎದ್ದು ಬಂದರು. ಅವರೇ ಪಂಜ್ ಪ್ಯಾರೆ, ಅಂದರೆ ಐವರು ಪ್ರೀತಿಪಾತ್ರರು. ಆ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರದ ಕೆಲಸದ ಮನೆತನದವರು ಅಂತ ಸಿಖ್ಖರ ಪರಂಪರೆ ಹೇಳುತ್ತದೆ. ಅವರು ತೀರಿಕೊಂಡದ್ದು ಚಮಕೌರ್ ಕಾಳಗದಲ್ಲಿ. 1704ರ ಡಿಸೆಂಬರ್. ಮಣ್ಣಿನ ಗೋಡೆಯ ಒಂದು ಹವೇಲಿ, ಒಳಗೆ ನಲವತ್ತು ಜನ, ಹೊರಗೆ ಮೊಗಲ್ ದಂಡು. ಗುರುಗಳ ದೊಡ್ಡ ಮಕ್ಕಳಾದ ಅಜೀತ್ ಸಿಂಗ್, ಜುಝಾರ್ ಸಿಂಗ್ ಇಬ್ಬರೂ ಅಲ್ಲೇ ತೀರಿಹೋದರು.

ಆ ಕಚ್ಚೀ ಗಢಿ, ಅಂದರೆ ಮಣ್ಣಿನ ಕೋಟೆ, ಒಂದು ಮೊಂಡು ಗೋಡೆಯಾದರೂ ಉಳಿದಿರಬಹುದು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಬೆಳ್ಳಗಿನ ಅಮೃತಶಿಲೆ. ಡಿಸೆಂಬರ್ ಚಳಿಗೆ ಅಂಗಾಲು ಸುಟ್ಟ ಹಾಗಾಯಿತು, ಅಷ್ಟು ತಣ್ಣಗೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನಮ್ಮೂರಿನ ಒಬ್ಬ ಬಡವ ನಿಂತು ಹೋರಾಡಿದ ಜಾಗ ಇದೇ ಅಂತ ಮನಸ್ಸಿಗೆ ಬರಲೇ ಇಲ್ಲ. ಹಳೇದನ್ನು ಮುಚ್ಚಿ ಹೊಸದು ಕಟ್ಟೋದು ಭಕ್ತಿನಾ, ಮರೆವಾ? ನೀವೇನಂತೀರಿ?

ಗುಂಡುಜೋಳ:
ನಮ್ಮೂರ ಹನುಮಪ್ಪನ ಗುಡಿಗೆ ಜೀರ್ಣೋದ್ಧಾರ ಅಂತ ಬಚ್ಚಲುಮನೆ ಟೈಲ್ಸ್ ಹಾಕಿಸಿದ್ದಾರೆ. ಕಂಬಗಳಿಗೆ ಬಂಗಾರದ ಬಣ್ಣದ ಆಯಿಲ್ ಪೇಂಟ್. ನಾವು ಪಂಜಾಬಿನವರಿಗೆ ಬುದ್ಧಿ ಹೇಳೋದು ಬೇಡ ಬಿಡ್ರಿ.

ಸುಣ್ಣಗಾರೆ:
ನಾನು ಹಳೇ ಕಟ್ಟಡ ರಿಪೇರಿ ಕೆಲಸದಲ್ಲಿದ್ದೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಕೋಟೆಬೀದಿಯವರೇ, ನಿಮ್ಮ ಉದಾಹರಣೆ ಸ್ವಲ್ಪ ಹಗುರ. ಮಣ್ಣಿನ ಗೋಡೆ, ಅದೂ ಯುದ್ಧ ನಡೆದ ಜಾಗ. ಪಂಜಾಬಿನ ಮಳೆಗೆ ಮುನ್ನೂರು ವರ್ಷ ತಡೆಯುತ್ತಿತ್ತಾ? ಯಾರೂ ಒಡೆಯದಿದ್ದರೂ ಅದು ಕರಗಿ ಹೋಗುತ್ತಿತ್ತು.

ನೀವು ಕೇಳಬೇಕಾದ್ದು ಗಟ್ಟಿಯಾಗಿ ನಿಂತಿದ್ದನ್ನು ಒಡೆದ ಕತೆ. ತರನ್ ತಾರನ್‌ನ ದರ್ಶನಿ ಡಿಯೋಢಿ ತಗೊಳ್ಳಿ. ಸರೋವರದ ದಂಡೆಯಲ್ಲಿರುವ ಹೆಬ್ಬಾಗಿಲು ಅದು. ರಣಜಿತ್ ಸಿಂಗ್ ಅವರ ಮೊಮ್ಮಗ ನೌನಿಹಾಲ್ ಸಿಂಗ್ ಕಾಲದ್ದು. ನಾನಕ್‌ಶಾಹಿ ಇಟ್ಟಿಗೆ, ಸುಣ್ಣದ ಗಾರೆ. ಈ ಇಟ್ಟಿಗೆ ನಮ್ಮ ಈಗಿನ ಇಟ್ಟಿಗೆಯ ಹಾಗಲ್ಲ, ಸಣ್ಣದು, ತೆಳ್ಳಗೆ, ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ಸಣ್ಣದಾಗಿರೋದಕ್ಕೇ ಕಮಾನು, ಗುಮ್ಮಟ, ಬಳಸು ಎಲ್ಲಾ ಅದರಲ್ಲೇ ತಿರುಗಿಸಬಹುದು. 2019ರ ಮಾರ್ಚ್ ಕೊನೆಯಲ್ಲಿ, ರಾತ್ರೋರಾತ್ರಿ, ಕಾರ್ ಸೇವೆಯವರು, ಅಂದರೆ ಗುರುದ್ವಾರದ ಕಟ್ಟಡ, ಸರೋವರದ ಕೆಲಸವನ್ನು ಸೇವೆಯಾಗಿ ಮಾಡುವವರು, ಅದರ ಮೇಲಿನ ಭಾಗ ಒಡೆದರು. ಸಿಖ್ಖರೇ ಬಂದು ಅಡ್ಡ ನಿಂತು ನಿಲ್ಲಿಸಿದರು. ಇದು ಮಳೆಗೆ ಕರಗಿದ್ದಲ್ಲ. ಸುತ್ತಿಗೆ ಹಿಡಿದು ಒಡೆದದ್ದು.

ಝರಾಬಾಜು:
ನಾನು ಸಿಖ್. ಹುಟ್ಟಿದ್ದು, ಓದಿದ್ದು, ಜಗಳ ಆಡಿದ್ದು ಎಲ್ಲಾ ಬೀದರಿನಲ್ಲೇ. ನಾನಕ್ ಝೀರಾ ಗುರುದ್ವಾರದ ಪಕ್ಕದಲ್ಲೇ ನಮ್ಮ ಮನೆ. ಹಾಗಾಗಿ ಕನ್ನಡದಲ್ಲೇ ಜಗಳ ಆಡುತ್ತೇನೆ.

ತರನ್ ತಾರನ್ ವಿಷಯದಲ್ಲಿ ನಾನು ನಿಮ್ಮ ಕಡೆನೇ. ಆದರೆ ಕಾರ್ ಸೇವೆ ಅನ್ನೋ ಪದವನ್ನು ನೀವು ಬುಲ್ಡೋಜರ್ ಅನ್ನೋ ಅರ್ಥದಲ್ಲಿ ಬರೆದಿರಿ, ಅದು ಮಾತ್ರ ಒಪ್ಪಲ್ಲ. ಅಮೃತಸರದ ಸರೋವರದ ಹೂಳು ತೆಗೆದದ್ದು 1923ರಲ್ಲಿ, ಆಮೇಲೆ 1973ರಲ್ಲಿ, ಆಮೇಲೆ 2004ರಲ್ಲಿ. 2004ಕ್ಕೆ ನಮ್ಮಪ್ಪ ಹೋಗಿದ್ದರು. ನೀರು ಖಾಲಿ ಮಾಡಿ, ತಳದ ಕೆಸರನ್ನು ಬಾಂಡ್ಲಿಯಲ್ಲಿ ತುಂಬಿ, ತಲೆಯಿಂದ ತಲೆಗೆ ಸಾಗಿಸುತ್ತಿದ್ದರಂತೆ. ಪಕ್ಕದಲ್ಲಿ ನಿಂತವರು ಜಡ್ಜೋ, ರಿಕ್ಷಾದವರೋ ಗೊತ್ತಾಗುತ್ತಿರಲಿಲ್ಲವಂತೆ, ಎಲ್ಲರ ಮುಖಕ್ಕೂ ಕೆಸರು. ಅಪ್ಪ ಒಂದು ಮುಷ್ಟಿ ಕೆಸರು ಒಣಗಿಸಿ ಡಬ್ಬಿಯಲ್ಲಿ ತಂದರು. ಇವತ್ತಿಗೂ ನಮ್ಮ ಕಪಾಟಿನಲ್ಲಿದೆ. ನಿಮಗೆ ಇಟ್ಟಿಗೆ ಪರಂಪರೆ. ನಮಗೆ ಆ ಬಾಂಡ್ಲಿಯೂ ಪರಂಪರೆ. ಕೈಯಿಂದ ಕಟ್ಟೋದು, ತೊಳೆಯೋದು, ಮತ್ತೆ ಕಟ್ಟೋದು.

ಸುಣ್ಣಗಾರೆ:
ಹೂಳು ತೆಗೆಯೋದು ಬೇರೆ, ಗೋಡೆ ತೆಗೆಯೋದು ಬೇರೆ ಅಲ್ವಾ ಸರ್? ಹೂಳು ತೆಗೆದರೆ ಸರೋವರ ಉಳಿಯುತ್ತದೆ. ಗೋಡೆ ತೆಗೆದರೆ ಏನು ಉಳಿಯುತ್ತದೆ?

ಅಮೃತಸರದ ಹರಿಮಂದಿರದ, ಅಂದರೆ ಸ್ವರ್ಣಮಂದಿರದ, ಒಳಗೋಡೆಯ ಚಿತ್ರಗಳನ್ನು ನಿಂತು ನೋಡಿದವರು ಎಷ್ಟು ಜನ ಇದ್ದೀರಿ? ಅದಕ್ಕೆ ಮೊಹ್ರಾಕಶಿ ಅನ್ನುತ್ತಾರೆ. ಸುಣ್ಣದ ಗಿಲಾವು ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿತೋ ಮುಗಿಯಿತು. ಗ್ಯಾನ್ ಸಿಂಗ್ ನಕ್ಕಾಶ್ ಎಂಬ ಕಲಾವಿದರು ಆಯಸ್ಸಿನ ದೊಡ್ಡ ಪಾಲು ಅಲ್ಲೇ ಕಳೆದರು. ಪಕ್ಕದಲ್ಲೇ ಒಂಬತ್ತು ಅಂತಸ್ತಿನ ಬಾಬಾ ಅಟಲ್ ಗೋಪುರ ಇದೆ, ಒಂಬತ್ತೇ ವರ್ಷ ಬದುಕಿದ ಹುಡುಗನ ನೆನಪಿಗೆ. ಅದರ ಒಳಗೋಡೆಗಳ ಮೇಲೆ ಗುರು ನಾನಕರ ಬದುಕಿನ ಕತೆಗಳಿವೆ. ಇಂಥ ಗೋಡೆಗಳು ಪಂಜಾಬಿನ ತುಂಬಾ ಇದ್ದವು. ಎಷ್ಟೋ ಕಡೆ ಅವುಗಳ ಮೇಲೆ ಈಗ ಸುಣ್ಣ ಬಳಿದಿದೆ, ಇಲ್ಲವೇ ಅಮೃತಶಿಲೆಯ ಹಲಗೆ ಕೂತಿದೆ. ಸಿರಹಿಂದ್ ಹತ್ತಿರ ಫತೇಗಢ ಸಾಹಿಬ್‌ನಲ್ಲಿ ಗುರುಗಳ ತಾಯಿ ಮಾತಾ ಗುಜರಿಯನ್ನೂ ಇಬ್ಬರು ಚಿಕ್ಕ ಮೊಮ್ಮಕ್ಕಳನ್ನೂ ಕೂಡಿ ಹಾಕಿದ್ದ ಠಂಡಾ ಬುರ್ಜ್ ಇತ್ತು. ಹೆಸರೇ ಹೇಳುತ್ತದೆ, ತಣ್ಣನೆ ಗೋಪುರ. ಮೂಲ ಬುರ್ಜ್ ಈಗಿಲ್ಲ. ಅದೇ ಜಾಗದಲ್ಲಿ ಗುರುದ್ವಾರ ಇದೆ. ಚಮಕೌರ್ ಮಣ್ಣು, ಬಿಡಿ. ಬುರ್ಜ್ ಮಣ್ಣಲ್ಲ.

ಝರಾಬಾಜು:
ಠಂಡಾ ಬುರ್ಜ್ ಮಾತು ನಾಟಿತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಜ್ಜಿ ಪ್ರತಿ ಡಿಸೆಂಬರ್‌ನಲ್ಲಿ ಆ ದಿನಗಳು ಬಂದಾಗ ನೆಲದ ಮೇಲೆ ಮಲಗುತ್ತಿದ್ದರು, ಮಂಚ ಹತ್ತುತ್ತಿರಲಿಲ್ಲ. ಆ ಮಕ್ಕಳು ಚಳಿಯಲ್ಲಿ ಮಲಗಿದ್ದರು ಅಂತ. ಅಜ್ಜಿ ಆ ಬುರ್ಜ್ ನೋಡಿದವರೇ ಅಲ್ಲ.

ಗೋದಾವರಿದಂಡೆ:
ಕಲ್ಲಿನ ಜಗಳ ಸಾಕು ಮಾಡಿ, ನಾಂದೇಡಕ್ಕೆ ಬನ್ನಿ. ನೌಕರಿಗೆ ಅಂತ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. 1708ರಲ್ಲಿ ಗುರು ಗೋಬಿಂದ್ ಸಿಂಗ್ ಕೊನೆಯುಸಿರೆಳೆದದ್ದು ಇಲ್ಲೇ. ಇನ್ನು ಮೇಲೆ ಗ್ರಂಥವೇ ಗುರು ಅಂತ ಹೇಳಿದ್ದೂ ಇಲ್ಲೇ. ರಣಜಿತ್ ಸಿಂಗ್ 1830ರ ದಶಕದಲ್ಲಿ ಪಂಜಾಬಿನಿಂದ ಕುಶಲಕರ್ಮಿಗಳನ್ನು ಕಳಿಸಿ ಇಲ್ಲಿನ ಗುರುದ್ವಾರ ಹಜೂರ್ ಸಾಹಿಬ್ ಕಟ್ಟಿಸಿದರು. ಆಗ ಈ ಊರು ನಿಜಾಮರದ್ದು. ಈ ಕಡೆ ತಲೆಮಾರುಗಳಿಂದ ನೆಲೆಸಿದವರನ್ನು ದಖನಿ ಸಿಖ್ಖರು ಅನ್ನುತ್ತಾರೆ. ನನ್ನ ಪಕ್ಕದ ಮನೆಯವರು ಮರಾಠಿಯಲ್ಲೇ ಬೈಯುತ್ತಾರೆ, ಪಂಜಾಬಿಯಲ್ಲಿ ಪ್ರಾರ್ಥನೆ ಮಾಡುತ್ತಾರೆ.

ಇಲ್ಲಿ ಪ್ರತಿ ದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಒಬ್ಬರು ಗೋದಾವರಿಯಿಂದ ಬೆಳ್ಳಿ ಗಾಗರಿಯಲ್ಲಿ ನೀರು ತರುತ್ತಾರೆ. ಒಳಗಿನ ಸಚ್‌ಖಂಡ್ ಕೋಣೆಗೆ ಹೋಗೋದು ಇಲ್ಲಿನ ಮುಖ್ಯಸ್ಥರಾದ ಜತ್ಥೇದಾರರು ಮಾತ್ರ, ಅವರು ಬ್ರಹ್ಮಚಾರಿಯೇ ಆಗಿರಬೇಕು. ಒಳಗಿರುವ ಆಯುಧಗಳಿಗೆ ಗಂಧ ಹಚ್ಚುತ್ತಾರೆ. ಸಂಜೆ ದೀಪದ ಆರತಿ. ಆಮೇಲೆ ಗುರುಗಳ ಕತ್ತಿ, ಕಠಾರಿ, ಬಾಣಗಳನ್ನು ಒಂದೊಂದಾಗಿ ಎತ್ತಿ ಜನಕ್ಕೆ ತೋರಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಆಯುಧಪೂಜೆಯೇ ನೆನಪಾಯಿತು. ಆದರೆ ನಮ್ಮಲ್ಲಿ ವರ್ಷಕ್ಕೊಂದು ದಿನ, ಇಲ್ಲಿ ದಿನಾ. ದಸರೆಗೆ ಹಲ್ಲಾ ಮೆರವಣಿಗೆ ಅಂತೂ ಹೇಳೋದೇ ಬೇಡ, ನೂರಾರು ಜನ ಕತ್ತಿ ಹಿರಿದು ಒಟ್ಟಿಗೆ ಓಡುತ್ತಾರೆ. ನೆಲ ನಡುಗುತ್ತದೆ.

ಪಂಜಾಬಿನಲ್ಲಿ ಇದರಲ್ಲಿ ಸುಮಾರು ಕಾಣಿಸಲ್ಲ. ದೀಪದ ಆರತಿ ಇಲ್ಲ, ಆಯುಧಕ್ಕೆ ಗಂಧ ಇಲ್ಲ. ಹಾಗಾದರೆ ಹಳೇದನ್ನು ಉಳಿಸಿಕೊಂಡ ಮ್ಯೂಸಿಯಂ ಯಾವುದು?

ಝರಾಬಾಜು:
ಮ್ಯೂಸಿಯಂ ಅನ್ನಬೇಡಿ ಅಣ್ಣ. ಜೀವ ಇರೋ ಜಾಗ ಅದು.

ಪಂಜಾಬಿನಲ್ಲಿ ಆರತಿ ಬಿಟ್ಟದ್ದು ಮರೆವಿನಿಂದ ಅಲ್ಲ, ಬೇಕಂತಲೇ ಬಿಟ್ಟದ್ದು. ಗುರುದ್ವಾರಗಳು ಮಹಂತರ, ಅಂದರೆ ಅವನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದ ಮಠಾಧಿಪತಿಗಳ, ಕೈಯಲ್ಲಿದ್ದಾಗ ಏನೇನಾಗಿತ್ತು ಅಂತ ಓದಿ. 1920ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಬಂತು. 1921ರಲ್ಲಿ ನನಕಾನಾ ಸಾಹಿಬ್‌ನಲ್ಲಿ ಮಹಂತನ ಬಾಡಿಗೆ ಗೂಂಡಾಗಳು ಕೈ ಎತ್ತದ ಜನರನ್ನು ಕಡಿದು ಸುಟ್ಟರು. 1925ರಲ್ಲಿ ಕಾಯ್ದೆ ಬಂದು ಗುರುದ್ವಾರಗಳು ಜನರ ಕೈಗೆ ಬಂದವು. ಆ ಹೋರಾಟದಲ್ಲಿ ಕೆಲವು ಹಳೇ ರೂಢಿಗಳೂ ಹೋದವು. ಅವನ್ನು ಕಳಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ. ಅದೇ ಹೊತ್ತಿಗೆ ಹಜೂರ್ ಸಾಹಿಬ್‌ಗೆ ಹೋಗಿ ಆರತಿಗೂ ನಿಲ್ಲುತ್ತೇನೆ. ಎರಡೂ ನನ್ನವೇ.

ಚಳಿನಾಡು:
ಕೆನಡಾದ ಬ್ರಾಂಪ್ಟನ್‌ನಿಂದ ಬರೆಯುತ್ತಿದ್ದೇನೆ. ನಾವು ಹಾಸನದ ಕಡೆಯವರು. ನನ್ನ ಮಗಳ ಗೆಳತಿ ಇಲ್ಲಿನ ಗುರುದ್ವಾರದ ನೆಲಮಾಳಿಗೆಯಲ್ಲಿ ಗತ್ಕಾ, ಅಂದರೆ ಸಿಖ್ಖರ ಕೋಲು ಕತ್ತಿ ವರಸೆ, ಕಲಿಯುತ್ತಾಳೆ. ಸುಮ್ನೆ ನೋಡೋಣ ಅಂತ ಹೋದೆ. ನೆಲಕ್ಕೆ ಒಂದು ನೀಲಿ ಬಟ್ಟೆ ಹಾಸಿ ಕೋಲು, ಗುರಾಣಿ, ಕತ್ತಿ, ಚಕ್ರ ಎಲ್ಲಾ ಸಾಲಾಗಿ ಇಟ್ಟಿದ್ದರು. ಮಕ್ಕಳು ಬರಿಗಾಲಲ್ಲಿ ಬಂದು ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿ ಆಮೇಲೆ ಎತ್ತಿಕೊಂಡರು. ಹೊಸ ಮಕ್ಕಳಿಗೆ ಕೋಲು ಕೊಡಲೇ ಇಲ್ಲ. ಬರೀ ಕಾಲು. ಪೈಂತರಾ ಅನ್ನುತ್ತಾರೆ, ಹೆಜ್ಜೆ ಹಾಕುವ ಕ್ರಮ. ಡೋಲು ಬಡಿಯುತ್ತಿದ್ದ ತಾತ ಒಬ್ಬರು, ಹುಡುಗಿ ತಪ್ಪು ಹೆಜ್ಜೆ ಇಟ್ಟ ಕೂಡಲೇ ಡೋಲು ನಿಲ್ಲಿಸುತ್ತಿದ್ದರು. ಬೈಯೋದಿಲ್ಲ, ಸದ್ದೇ ಇಲ್ಲ. ಅವಳೇ ಗೊತ್ತು ಮಾಡಿಕೊಂಡು ವಾಪಸ್ ಹೋಗಿ ನಿಲ್ಲಬೇಕು. ನಮ್ಮ ಭರತನಾಟ್ಯ ಟೀಚರ್‌ಗೆ ಇದನ್ನು ಹೇಳಬೇಕು.

ಇಲ್ಲಿ ಅಮೃತಶಿಲೆಯೂ ಇಲ್ಲ, ಇಟ್ಟಿಗೆಯೂ ಇಲ್ಲ. ನೆಲಮಾಳಿಗೆಗೆ ಕಾರ್ಪೆಟ್ ಹಾಕಿದ್ದಾರೆ ಅಷ್ಟೆ. ಆದರೂ ಏನೋ ಉಳಿದಿದೆ ಅನ್ನಿಸಿತು.

ಸುಣ್ಣಗಾರೆ:
ಗತ್ಕಾಕ್ಕೂ ಅಮೃತಶಿಲೆ ಬಂದಿದೆ ಮೇಡಂ. 2022ರಲ್ಲಿ ನಡೆದ ಖೇಲೋ ಇಂಡಿಯಾದಲ್ಲಿತ್ತು, 2023ರ ಗೋವಾ ನ್ಯಾಷನಲ್ ಗೇಮ್ಸ್‌ನಲ್ಲೂ ಇತ್ತು. ಹೆಲ್ಮೆಟ್, ಪಾಯಿಂಟ್, ರೆಫರಿಯ ಸೀಟಿ. ಸಿಖ್ಖರ ಯೋಧ ಪಂಥದವರಾದ ನಿಹಂಗರು ಹೇಳುವ ಶಸ್ತ್ರವಿದ್ಯೆ ಇದಲ್ಲ. ಅದು ಕೊಲ್ಲೋ ವಿದ್ಯೆ, ಇದು ಆಟ. 1849ರಲ್ಲಿ ಪಂಜಾಬ್ ಬ್ರಿಟಿಷರ ಕೈಗೆ ಹೋದ ಮೇಲೆ ಜನರ ಆಯುಧ ಕಿತ್ತುಕೊಂಡರು. ಕತ್ತಿ ಹೋಯಿತು, ಕೋಲು ಉಳಿಯಿತು.

ಚಳಿನಾಡು:
ಇಪ್ಪತ್ತೊಂದನೇ ಶತಮಾನದಲ್ಲಿ ಹದಿಮೂರು ವರ್ಷದ ಹುಡುಗಿಗೆ ಕೊಲ್ಲೋ ವಿದ್ಯೆ ಯಾಕೆ ಬೇಕು ಹೇಳಿ? ಮೆಡಲ್ ಆಸೆಗೆ ಹತ್ತು ಮಕ್ಕಳು ಬಂದರೆ ಇಬ್ಬರಾದರೂ ಆ ಹೆಜ್ಜೆಯ ಮರ್ಮ ಹಿಡಿಯುತ್ತಾರೆ. ನಮ್ಮ ಮಲ್ಲಕಂಬಕ್ಕೂ ಹೀಗೇ ಪಾಯಿಂಟ್ ಕೊಡುತ್ತಾರೆ, ಅದಕ್ಕೆ ಯಾರೂ ಅಳಲಿಲ್ಲ.

ಗುಂಡುಜೋಳ:
ನಿಹಂಗರು ಅಂದ ಕೂಡಲೇ ನೆನಪಾಯಿತು. ಹೋಳಿ ಮರುದಿನ ಆನಂದಪುರದಲ್ಲಿ ಹೋಲಾ ಮೊಹಲ್ಲಾ ನೋಡಿದ್ದೇನೆ. ಒಬ್ಬ ಎರಡು ಕುದುರೆ ಮೇಲೆ ಒಂದೊಂದು ಕಾಲು ಇಟ್ಟು ನಿಂತು ಓಡಿಸಿಕೊಂಡು ಹೋದ. ಪೇಟದ ಮೇಲೆ ಉಕ್ಕಿನ ಚಕ್ರಗಳು, ಎಷ್ಟು ಕೆಜಿಯೋ. ಅವರ ಮಾತು ಇನ್ನೂ ಮಜಾ. ಕಡಲೆಗೆ ಬಾದಾಮಿ ಅನ್ನುತ್ತಾರೆ. ಒಬ್ಬನೇ ಬಂದರೆ ಸವಾ ಲಕ್ಷ ಜನ ಬಂದರು ಅನ್ನುತ್ತಾರೆ. ಕಾಡಿನಲ್ಲಿ ಹಸಿದು ಅಲೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಭಾಷೆಯಂತೆ. ಇದಕ್ಕೆ ಯಾರೂ ಟೈಲ್ಸ್ ಹಾಕೋಕಾಗಲ್ಲ ನೋಡಿ.

ಕೋಟೆಬೀದಿ:
ನಾನು ಕೇಳಿದ್ದೇ ಒಂದು, ನೀವು ಹೋದದ್ದೇ ಇನ್ನೊಂದು ಕಡೆ. ಇರಲಿ. ಸುಣ್ಣಗಾರೆಯವರ ಮಾತು ಒಪ್ಪಿದೆ, ಚಮಕೌರ್ ಉದಾಹರಣೆ ಹಗುರ. ಆದರೂ ಒಂದು ಬೋರ್ಡ್ ಇದ್ದಿದ್ದರೆ ಸಾಕಿತ್ತು ಅನ್ನಿಸುತ್ತದೆ. ಬೀದರಿನ ಸಾಹಿಬ್ ಸಿಂಗ್ ಇಲ್ಲಿ ಬಿದ್ದರು ಅಂತ ಕನ್ನಡದಲ್ಲಿ ಒಂದು ಸಾಲು. ಕಟ್ಟಡ ಏನಾದರೂ ಇರಲಿ.

ಝರಾಬಾಜು:
ಆ ಸಾಲು ಬರೆಸೋಣ, ಅದೇನು ದೊಡ್ಡ ಮಾತಲ್ಲ. ಈಗ ನನ್ನದೊಂದು ಪ್ರಶ್ನೆ. ಚಮಕೌರ್‌ಗೆ ಎರಡು ದಿನ ರೈಲಿನಲ್ಲಿ ಹೋದಿರಿ. ಜನವಾಡಕ್ಕೆ ಹೋಗಿದ್ದೀರಾ?

ಕೋಟೆಬೀದಿ:
ನಮ್ಮ ಜನವಾಡಾನಾ? ಬೀದರ್ ಬಾಜೂಕಿಂದು? ಬಸ್ಸಿನಲ್ಲಿ ದಾಟಿ ಹೋಗಿದ್ದೇನೆ. ಯಾಕೆ?

ಝರಾಬಾಜು:
ಮಾಯಿ ಭಾಗೋ ಹೆಸರು ಕೇಳಿದ್ದೀರಲ್ಲ. ಆನಂದಪುರದ ಮುತ್ತಿಗೆಯಲ್ಲಿ ಗುರುಗಳನ್ನು ಬಿಟ್ಟು ಬಂದ ನಲವತ್ತು ಜನರಿಗೆ ಛೀಮಾರಿ ಹಾಕಿ ವಾಪಸ್ ಕರಕೊಂಡು ಹೋದ ಹೆಂಗಸು. ತಾನೂ ಗಂಡಸರ ಉಡುಪು ತೊಟ್ಟು ಖಿದರಾನಾದ ಕೆರೆ ಹತ್ತಿರ ಕಾದಾಡಿದಳು. ಆ ಜಾಗವೇ ಈಗಿನ ಮುಕ್ತಸರ. ನಲವತ್ತೂ ಜನ ಸತ್ತರು, ಅವಳು ಬದುಕಿದಳು. ಗುರುಗಳ ಜೊತೆ ನಾಂದೇಡದ ತನಕ ಬಂದಳು. ಗುರುಗಳು ಹೋದ ಮೇಲೆ ಇನ್ನೂ ದಕ್ಷಿಣಕ್ಕೆ ಬಂದು ಜನವಾಡದಲ್ಲಿ ನೆಲೆ ನಿಂತಳು, ಅಲ್ಲೇ ತೀರಿಕೊಂಡಳು. ಅವಳ ಗುರುದ್ವಾರ ನಿಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ.

ಸುಣ್ಣಗಾರೆ:
ಅಲ್ಲಿ ಹಳೇ ಗೋಡೆ ಏನಾದರೂ ಇದೆಯಾ? ಫೋಟೋ ಹಾಕಿ.

ಕೋಟೆಬೀದಿ:
ನಾಚಿಕೆ ಆಯಿತು ಭಾಯಿ. ಭಾನುವಾರ ಬರುತ್ತೇನೆ. ಬೈಕ್ ನನ್ನದು, ಮೊದಲು ಝೀರಾದಲ್ಲಿ ನೀರು ಕುಡಿದು ಆಮೇಲೆ ಹೊರಡೋಣ.

ಝರಾಬಾಜು:
ಬೆಳಗ್ಗೆ ಏಳಕ್ಕೆ ಬನ್ನಿ. ಲೇಟಾದರೆ ಲಂಗರ್‌ನಲ್ಲಿ ಕೂರಿಸಿ ಊಟ ಮಾಡಿಸದೆ ಬಿಡಲ್ಲ, ಆಮೇಲೆ ಜನವಾಡ ಮುಟ್ಟೋದು ಮಧ್ಯಾಹ್ನಾನೇ.