ಅಕ್ಷರ ‘ಮುಟ್ಟುವುದು’, ಅಕ್ಷರ ‘ಮುಟ್ಟಿಸುವುದು’: ಪಾಟಿಯ ಮೇಲೆ ಮಾತಾಡುವವರಿಗೆ ಬೇಕಾದ ಪದಗಳು

ಬಳಗದ ಎಲ್ಲರಿಗೂ ಕಲಬುರಗಿಯಿಂದ ಶರಣಾರ್ಥಿ.

ಬಾಯಿಂದ ಮಾತು ಹೊರಡದ ಮಕ್ಕಳ ತಂದೆತಾಯಿಗಳಿಗಾಗಿ ಇಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ‘ನಮ್ಗ ತಿಳಿಯೂ ಹಂಗ ಬರೀರಿ, ಆಫೀಸಿನ ಕನ್ನಡ ಬ್ಯಾಡ್ರಿ’ ಎಂದು ತಾಯಂದಿರು ಮೊದಲೇ ಹೇಳಿಬಿಟ್ಟಿದ್ದಾರೆ. ಕೈಪಿಡಿಯ ಮುಖ್ಯ ಭಾಗ ಅಕ್ಷರದ ಹಲಗೆಯದ್ದು. ಮಾತು ಬಾರದವರು ಅದರ ಮೇಲಿನ ಒಂದೊಂದೇ ಅಕ್ಷರ ತೋರಿಸಿ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಆ ಹಲಗೆಗೆ, ಅದರ ಮೇಲೆ ನಡೆಯುವ ಕೆಲಸಕ್ಕೆ, ಪಕ್ಕದಲ್ಲಿ ಕೂಡುವವರಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಲು ಈ ಪತ್ರ.

ಮೊದಲು ಹಲಗೆ. ನಮ್ಮ ಕಡೆ ಹಲಗಿ ಅಂದರೆ ಜಾತ್ರೆ, ಮೆರವಣಿಗೆಯಲ್ಲಿ ಬಾರಿಸುವ ಹಲಗಿಯೇ ಮೊದಲು ನೆನಪಾಗುವುದು. ‘ಅಕ್ಷರ ಹಲಗಿ’ ಎಂದು ಓದಿದ ತಾಯಿಯೊಬ್ಬರು ‘ಇದು ಬಾರಸೂದೇನ್ರಿ?’ ಎಂದು ಕೇಳಿದರು. ಫಲಕ ಎಂದರೆ ರಸ್ತೆ ಬದಿಯ ಬೋರ್ಡು ಕಣ್ಣಿಗೆ ಬರುತ್ತದೆ. ಉರ್ದು ಕಲಿತ ಮನೆಗಳಲ್ಲಿ ತಖ್ತಿ ಇದೆ, ಚಂದದ ಪದ. ಎಲ್ಲರ ಬಾಯಲ್ಲೂ ಇರುವುದು ಪಾಟಿ. ಸ್ಲೇಟಿಗೂ ಅದೇ, ಪಾಟಿಚೀಲದಲ್ಲಿರುವುದೂ ಅದೇ. ಹಾಗಾಗಿ ‘ಅಕ್ಷರಪಾಟಿ’ ಎಂದು ಇಟ್ಟುಕೊಂಡಿದ್ದೇವೆ. ಮೈಸೂರು, ಮಂಗಳೂರು ಕಡೆಯವರಿಗೆ ಇದು ತಿಳಿಯುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಕೆಲಸದ ಹೆಸರು ಇದಕ್ಕಿಂತ ಕಠಿಣ. ನಮ್ಮ ಪರಿಚಯದ ಒಬ್ಬ ಹುಡುಗಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಗಾಲಿಕುರ್ಚಿಯ ಮುಂದಿನ ಮಣೆಗೆ ಅವಳ ಅವ್ವ ಅಕ್ಷರದ ಹಾಳೆ ಅಂಟಿಸಿ, ಜೊಲ್ಲು ಬಿದ್ದರೆ ಒರೆಸಲು ಬರಲೆಂದು ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಬೆರಳು ಬಿಚ್ಚಲು ಆಗದ್ದರಿಂದ ಎಡಗೈ ಮುಷ್ಟಿಯ ಗೆಣ್ಣಿನಿಂದ ಮುಟ್ಟುತ್ತಾಳೆ. ಮೊನ್ನೆ ದ ಮುಟ್ಟಿದಳು, ಕೈ ಜಾರಿತು, ಮತ್ತೆ ತಂದು ಗ ಮುಟ್ಟಿದಳು, ಆಮೇಲೆ ಮೇಲಿನ ಸಾಲಿಗೆ ಹೋಗಿ ಇ. ‘ದಗಿ? ಫ್ಯಾನ್ ಹಚ್ಚಲೇನವ್ವಾ?’ ಎಂದರು ಅವ್ವ. ಅವಳು ಕಣ್ಣು ಮೇಲೆತ್ತಿದಳು. ಅವಳ ‘ಹೂಂ’ ಅದೇ.

ಇಂಗ್ಲಿಷಿನವರು ಇದಕ್ಕೆ ಸ್ಪೆಲ್ಲಿಂಗ್ ಅನ್ನುತ್ತಾರೆ. ಅವರ 26 ಅಕ್ಷರಗಳನ್ನು ಸಾಲಾಗಿ ಹೇಳುತ್ತ ಹೋದರೆ ಪದವಾಯಿತು. ನಮ್ಮಲ್ಲಿ ಹಾಗಲ್ಲ. ಗ ಮತ್ತು ಇ ಕೂಡಿದರೆ ಗಿ. ಇದಕ್ಕೆ ನಮ್ಮ ಕನ್ನಡ ಶಾಲೆಯಲ್ಲಿ ಬಾಯಿಪಾಠದ ಭಾಷೆಯೇ ಇದೆ: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಈ ಹುಡುಗಿ ಮುಷ್ಟಿಯಿಂದ ಮಾಡಿದ್ದು ಕಾಗುಣಿತವನ್ನೇ. ಅದಕ್ಕೇ ‘ಗುಣಿಸಿ ಹೇಳು’ ಎಂಬ ಪ್ರಯೋಗ ನನಗೆ ಹಿಡಿಸಿದೆ. ಲೆಕ್ಕದ ಗುಣಾಕಾರದ ಜೊತೆ ಗೊಂದಲವಾಗುತ್ತದೆ ಎಂದು ಗೆಳೆಯರು ಆಕ್ಷೇಪಿಸಿದ್ದಾರೆ. ‘ಅಕ್ಷರ ಕೂಡಿಸಿ ಹೇಳು’ ಎಂಬುದು ಅವರ ಸಲಹೆ. ಆದರೆ ಅದೂ ಲೆಕ್ಕದ ಪದವೇ ಅಲ್ಲವೇ?

ಪಾಟಿ ಮಾಡುವವರಿಗಾಗಿ ಇಲ್ಲೇ ಒಂದು ಮಾತು. ವರ್ಣಮಾಲೆಯ 49 ಅಕ್ಷರಗಳನ್ನೂ ಹಾಕಿದರೆ ಮನೆಗಳು ಚಿಕ್ಕವಾಗಿ ಮುಷ್ಟಿ ಎರಡು ಮೂರು ಅಕ್ಷರಗಳ ಮೇಲೆ ಒಟ್ಟಿಗೇ ಬೀಳುತ್ತದೆ. ಮಹಾಪ್ರಾಣದ 10, ಙ, ಞ ಬಿಟ್ಟರೆ ವ್ಯಂಜನ 22. ಋ ಬಿಟ್ಟರೆ ಸ್ವರ 12. ವಿಸರ್ಗವನ್ನೂ ಬಿಟ್ಟು, ಒಂದು ಸೊನ್ನೆ, ಒಂದು ‘ಒತ್ತು’ ಸೇರಿಸಿದರೆ ಸರಿಯಾಗಿ 36, ಅಂದರೆ ಆರು ಸಾಲು, ಸಾಲಿಗೆ ಆರು ಮನೆ. ಧಗಿ ದಗಿಯಾಗುತ್ತದೆ, ಕೃಷ್ಣ ಕ್ರಿಷ್ಣನಾಗುತ್ತಾನೆ, ಓದುವವರಿಗೆ ಅದರಿಂದ ತೊಡಕಿಲ್ಲ. ಕನ್ನಡ ಪದದ ನಡುವೆ ಬಿಡಿ ಸ್ವರ ಬರುವುದು ತೀರ ಅಪರೂಪ, ಹಾಗಾಗಿ ವ್ಯಂಜನದ ಬೆನ್ನಿಗೆ ಸ್ವರ ಮುಟ್ಟಿದರೆ ಅದು ಗುಣಿತವೇ ಎಂದು ಧೈರ್ಯವಾಗಿ ಓದಬಹುದು. ಕಂಪ್ಯೂಟರಿನಲ್ಲಿ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಕನ್ನಡ ಕುಟ್ಟುವವರೆಲ್ಲ ಮಾಡುವುದೂ ಇದನ್ನೇ. ಕೈ ಸ್ವಲ್ಪವೂ ಆಡದವರಿಗೆ ಪಕ್ಕದವರು ಮೊದಲು ಸಾಲು, ಆಮೇಲೆ ಆ ಸಾಲಿನ ಅಕ್ಷರಗಳನ್ನು ಓದುತ್ತ ಹೋಗುತ್ತಾರೆ, ಬೇಕಾದದ್ದು ಬಂದಾಗ ಅವರು ಕಣ್ಣು ಮಿಟುಕಿಸುತ್ತಾರೆ. ಆಗ ‘ಮುಟ್ಟು’ ಎಂಬ ಕ್ರಿಯಾಪದ ಹೊಂದುವುದಿಲ್ಲ. ‘ಆರಿಸು’ ಎಂದರೆ ಎರಡಕ್ಕೂ ನಡೆಯುತ್ತದೆಯೇ?

ಇನ್ನು ಈ ಜನರನ್ನು ಏನೆಂದು ಕರೆಯಬೇಕು. ಮೂಗ, ಮೂಕ, ಗೂಂಗಾ ಮೂರೂ ಇಂದು ಓಣಿಯಲ್ಲಿ ಬೈಗುಳವಾಗಿವೆ, ಕೈಪಿಡಿಯಲ್ಲಿ ಒಂದನ್ನೂ ಬಳಸುವುದಿಲ್ಲ. ಆದರೆ ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ನೃಪತುಂಗನ ಕಾಲದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ‘ಕಿರುವಕ್ಕಳುಮಾ ಮೂಗರುಮರಿಪಲ್ಕರಿವರ್ ವಿವೇಕಮಂ ಮಾತುಗಳಂ’ ಎಂದಿದೆ. ಚಿಕ್ಕ ಮಕ್ಕಳಿಗೂ ಮೂಗರಿಗೂ ತಮ್ಮ ವಿವೇಕವನ್ನು, ಮಾತನ್ನು ತಿಳಿಸಲು ಗೊತ್ತು ಎಂದರ್ಥ. ಕನ್ನಡಿಗರ ಜಾಣತನ ಹೇಳುವ ಕಡೆ ಮಾತು ಬಾರದವರನ್ನು ಹೊರಗಿಡದೆ ಒಳಗೇ ಎಣಿಸಿದ್ದಾರಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಅಲ್ಲಿನ ‘ಅರಿಪು’ ನಮ್ಮ ‘ಅರುಹು’ ಆಗಿ ಉಳಿದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನವೆಂದರೆ ಏನೇನು ಎಂದು ಹೇಳುವಾಗ ಬ್ರೈಲ್, ಸನ್ನೆಭಾಷೆಗಳ ಜೊತೆಗೆ ಮಾತಿಗೆ ಪೂರಕವಾದ, ಮಾತಿಗೆ ಬದಲಾದ ವಿಧಾನಗಳನ್ನೂ ಸೇರಿಸಿದೆ. ಆದರೆ ಶಾಲೆಯ ವಿಜ್ಞಾನದಲ್ಲಿ ಸಂವಹನ ಅಂದರೆ ಕಾದ ನೀರು ಮೇಲೇರುವ ಬಗೆ. ಅದರ ಬದಲು ‘ಅರುಹು’ ಮತ್ತೆ ಚಲಾವಣೆಗೆ ಬಂದೀತೇ? ಜನರಿಗಂತೂ ‘ಮಾತು ಹೊರಡದವರು’ ಎಂದು ಬರೆಯುತ್ತಿದ್ದೇವೆ. ‘ಮಾತಾಡಂಗಿಲ್ಲ’ ಎಂದರೆ ಹಟ ಎಂಬ ಅರ್ಥವೂ ಬರುತ್ತದೆ, ‘ಹೊರಡಂಗಿಲ್ಲ’ ಎಂದರೆ ಒಳಗೆ ಮಾತಿದೆ ಎಂಬುದು ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲಿ ಕೂಡುವವರ ಹೆಸರು. ಮೇಲೆ ಹೇಳಿದ ಅವ್ವ ಮಗಳ ಕೈ ಮುಟ್ಟುವುದಿಲ್ಲ, ಪಾಟಿ ಮಣೆಗೆ ಅಂಟಿದೆ, ಅವರು ಓದುತ್ತಾರೆ ಅಷ್ಟೇ. ಇನ್ನೊಂದು ರೀತಿಯಿದೆ. ಅದರಲ್ಲಿ ಪಕ್ಕದವರು ಮಗುವಿನ ಕೈ, ಮೊಣಕೈ ಅಥವಾ ಭುಜ ಹಿಡಿದು ಅಕ್ಷರದತ್ತ ನಡೆಸುತ್ತಾರೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೋಸ್ಮರಿ ಕ್ರಾಸ್ಲಿ ಇದನ್ನು ಆರಂಭಿಸಿದರು, ಮುಂದೆ ಅಮೆರಿಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ಇದು ಬಹಳ ಹರಡಿತು. 1990ರ ದಶಕದ ಆರಂಭದಲ್ಲಿ ಪರೀಕ್ಷೆಗಳು ನಡೆದವು: ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೆ ಚಿತ್ರ. ಅಕ್ಷರದಲ್ಲಿ ಮೂಡಿದ್ದು ಕೈ ಹಿಡಿದವರು ಕಂಡದ್ದು. ಅವರು ಮೋಸಗಾರರಲ್ಲ, ತಮ್ಮ ಕೈಯೇ ನಡೆಸುತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಭಾರತದಿಂದ ಅಮೆರಿಕಕ್ಕೆ ಹೋದ ಸೋಮಾ ಮುಖೋಪಾಧ್ಯಾಯ ತಮ್ಮ ಮಗನಿಗೆ ಕಲಿಸುತ್ತ ರೂಪಿಸಿದ ವಿಧಾನದಲ್ಲಿ ಕೈ ಹಿಡಿಯುವುದಿಲ್ಲ, ಪಾಟಿಯನ್ನು ಗಾಳಿಯಲ್ಲಿ ಹಿಡಿದು ಬೆನ್ನುಬೆನ್ನಿಗೆ ಸೂಚನೆ ಕೊಡುತ್ತಾರೆ. ಅಲ್ಲಿನ ಮಾತು, ಭಾಷೆ, ಶ್ರವಣ ತಜ್ಞರ ಸಂಘ 2018ರಲ್ಲಿ ಈ ಎರಡನ್ನೂ ಬಳಸಬೇಡಿ ಎಂದಿತು. ಪಾಟಿ ಹಿಡಿದ ಕೈ ಒಂದಿಷ್ಟು ಸರಿದರೂ ಅಕ್ಷರ ಬದಲಾಗುತ್ತದೆ, ಹೀಗಾಗಿ ಮಾತು ಯಾರದೆಂದು ಹೇಳಲು ಬರುವುದಿಲ್ಲ.

ಮಗು ತಾನೇ ಅಕ್ಷರ ತೋರಿಸುವುದು, ಪಕ್ಕದವರು ಹಿಡಿದು ತೋರಿಸುವಂತೆ ಮಾಡುವುದು, ಇವೆರಡರ ಅಂತರವನ್ನು ಇಂಗ್ಲಿಷಿನ ‘ಸ್ಪೆಲ್ಲಿಂಗ್’ ಎಂಬ ಒಂದೇ ಪದ ಮುಚ್ಚಿಹಾಕುತ್ತದೆ. ಕನ್ನಡದ ಕ್ರಿಯಾಪದ ಹಾಗೆ ಮುಚ್ಚಲು ಬಿಡುವುದಿಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ತಿದ್ದಿಸಿದಾಗ ‘ಮಗು ಬರೀತು’ ಎಂದು ಯಾರೂ ಅನ್ನುವುದಿಲ್ಲ, ‘ಬರೆಸಿದರು’ ಅನ್ನುತ್ತೇವೆ. ಹಾಗೇ ಅಕ್ಷರ ಮುಟ್ಟುವುದು ಒಂದು, ಮುಟ್ಟಿಸುವುದು ಇನ್ನೊಂದು. ಕೈಪಿಡಿಯಲ್ಲಿ ಇವೆರಡನ್ನು ಬೇರೆ ಬೇರೆ ಅಧ್ಯಾಯವಾಗಿ ಇಡಬೇಕು, ಎರಡನೆಯದರಲ್ಲಿ ಎಚ್ಚರಿಕೆಯನ್ನು ಸ್ಪಷ್ಟವಾಗಿ ಬರೆಯಬೇಕು ಎಂಬುದು ನನ್ನ ಪಟ್ಟು. ಮಗು ‘ಹೊಟ್ಟಿ ನೋವು’ ಎಂದಿತೋ, ಪಕ್ಕದವರಿಗೆ ಹಾಗೆ ತೋರಿತೋ ಎಂಬುದು ತಿಳಿಯದಿದ್ದರೆ ದವಾಖಾನೆಯಲ್ಲಿ ಅನ್ಯಾಯವಾಗುವುದು ಮಗುವಿಗೇ. ವಿಧಾನ ಸರಿಯಿಲ್ಲ ಎಂದ ಮಾತ್ರಕ್ಕೆ ಆ ಮಗುವಿಗೆ ತಿಳಿವಳಿಕೆ ಇಲ್ಲ ಎಂದು ಯಾರೂ ಓದಬಾರದು, ಅದನ್ನೂ ಅಲ್ಲೇ ಬರೆಯುತ್ತೇವೆ.

ತೊಡಕು ಏನೆಂದರೆ, ‘ಸುದ್ದಿ ಮುಟ್ಟಿಸು’ ಎಂಬ ಒಳ್ಳೆಯ ಬಳಕೆ ಈಗಾಗಲೇ ಇದೆ. ‘ಮುಟ್ಟಿಸುವವರು’ ಎಂದು ಬರೆದರೆ ಓದುಗರು ಮಾತು ತಲುಪಿಸುವವರು ಎಂದೇ ತಿಳಿದಾರು. ಕೈ ಬಿಟ್ಟು ಕೂಡುವವರಿಗೆ ‘ಓದುವವರು’, ಕೈ ಅಥವಾ ಪಾಟಿ ಹಿಡಿಯುವವರಿಗೆ ‘ಹಿಡಿಯುವವರು’ ಎಂದು ಸದ್ಯಕ್ಕೆ ಬರೆದಿದ್ದೇವೆ. ‘ಸಹಾಯಕರು’ ಎಂದು ಬರೆದರೆ ಮತ್ತೆ ಎರಡೂ ಕಲೆಯುತ್ತವೆ, ಅದು ಬೇಡ.

ಬೀದರ, ಭಾಲ್ಕಿ, ಬಸವಕಲ್ಯಾಣ ಕಡೆಯವರು ಸ್ಲೇಟಿಗೆ ಪಾಟಿ ಎಂದೇ ಅನ್ನುತ್ತೀರೋ ತಿಳಿಸಿ. ಯಾದಗಿರಿ, ಸುರಪುರ, ಶಹಾಪುರದವರು, ಮಗು ಹೇಳಿದ್ದನ್ನು ಕೂಡಿಸದೆ ಕಳೆಯದೆ ದಾಟಿಸುವವರಿಗೆ ನಿಮ್ಮ ಮನೆಯಲ್ಲಿ ಒಂದೇ ಪದವಿದ್ದರೆ ದಯವಿಟ್ಟು ಬರೆಯಿರಿ, ಅದನ್ನು ಯಾವ ಮಾತಿನಲ್ಲಿ ಹೇಗೆ ಅನ್ನುತ್ತೀರಿ ಎಂಬ ಒಂದು ವಾಕ್ಯವೂ ಇರಲಿ.