'ತಂತಿ ಬಿಟ್ಟಿದೆ' ಅಂದರೆ ಎಲ್ಲಿ ಬಿಟ್ಟಿದೆ?

ಪ್ರಶ್ನೆ (ಮಂಡ್ಯ): ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಗೆ ಹೊರಡುವಾಗ ಕೊಡುವ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. 'ಲೀಡ್ ಡಿಸ್ಲಾಡ್ಜ್‌ಮೆಂಟ್'ಗೆ (ಮಿಷನ್ನಿನಿಂದ ಗುಂಡಿಗೆಗೆ ಹೋಗುವ ತಂತಿ ಜಾಗದಿಂದ ಕದಲುವುದು) 'ತಂತಿ ಬಿಡುವುದು' ಸಾಕೆ? 'ಪಾಕೆಟ್' (ಮಿಷನ್ ಕೂರಿಸಲು ಎದೆಯ ಚರ್ಮದಡಿ ಮಾಡುವ ಜಾಗ), 'ಬ್ಯಾಟರಿ ಚೇಂಜ್' ಹಾಗೇ ಇರಲೆ? ಪೇಸ್‌ಮೇಕರ್‌ಗೆ 'ಹೃದಯ ಬಡಿತ ನಿಯಂತ್ರಕ' ಬೇಕೇ ಬೇಕೆ?

ಉತ್ತರ (ಮೈಸೂರು): 'ನಿಯಂತ್ರಕ' ಬೇಡ ಸಾರ್. ಬಡಿತ ಜೋರಾದರೆ ಇದೇ ಇಳಿಸುತ್ತೆ ಅಂದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ. ಮಾಮೂಲಿ ಪೇಸ್‌ಮೇಕರ್ ಬಡಿತ ನಿಧಾನವಾದಾಗ, ತಪ್ಪಿದಾಗ ಸಣ್ಣಗೆ ಕರೆಂಟು ತಟ್ಟುತ್ತದೆ, ಅಷ್ಟೆ. ನಿಮ್ಮ ಕಡೆ 'ಎದೆಗೆ ಮಿಷನ್ ಕೂರ್ಸವ್ರೆ' ಅನ್ನುತ್ತಾರಲ್ಲ, ಅದೇ ವಾಸಿ.

'ತಂತಿ ಬಿಡುವುದು' ಮೂರು ಬೇರೆ ತೊಂದರೆಗಳನ್ನು ಒಂದೇ ಮೂಟೆಗೆ ಕಟ್ಟುತ್ತದೆ. ಗುಂಡಿಗೆಯೊಳಗೆ ಕಚ್ಚಿದ್ದ ತುದಿ ಕದಲಿದರೆ 'ತುದಿ ಜರುಗಿದೆ' ಅನ್ನಿ. ಇದು ಹೆಚ್ಚಾಗಿ ಮೊದಲ ವಾರಗಳಲ್ಲಿ ಆಗುವುದು, ಆ ಕಡೆಯ ತೋಳನ್ನು 4–6 ವಾರ ಭುಜದಿಂದ ಮೇಲೆತ್ತಬೇಡಿ ಅನ್ನುವುದು ಇದಕ್ಕೇ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ವರ್ಷಗಟ್ಟಲೆ ಜಜ್ಜಿ ಒಳಗೇ ತುಂಡಾದರೆ 'ತಂತಿ ಮುರಿದಿದೆ'. ಡಬ್ಬಿಯ (ಬ್ಯಾಟರಿ ಇರುವ ಮಿಷನ್ನಿನ) ತಲೆಯಲ್ಲಿ ತಂತಿಯನ್ನು ಹಿಡಿದಿಡುವ ಸ್ಕ್ರೂ ಸರಿಯಾಗಿ ಕೂತಿಲ್ಲದಿದ್ದರೆ 'ಸ್ಕ್ರೂ ಸಡಿಲ'. ಮೂರರಲ್ಲೂ ತಲೆಸುತ್ತು ಮರಳಬಹುದು, ಆದರೆ ಜರುಗಿದ್ದನ್ನು ಮತ್ತೆ ಕೂರಿಸಬೇಕು, ಮುರಿದಿದ್ದಕ್ಕೆ ಹೊಸ ತಂತಿ ಬೇಕು, ಸ್ಕ್ರೂ ಬಿಗಿದರೆ ಆಯಿತು.

'ಪಾಕೆಟ್'ಗೆ 'ಜೇಬು' ಅಂದರೆ ಅಂಗಿ ಮುಟ್ಟಿ ನೋಡಿಕೊಳ್ಳುತ್ತಾರೆ. 'ಗೂಡು' ಚೆನ್ನ. ಗೂಡಿನಲ್ಲಿ 'ರಕ್ತ ಕಟ್ಟಿದೆ' ಅಂತ ಯಾರೂ ಸೂಜಿ ಚುಚ್ಚಿ ತೆಗೆಯಕೂಡದು, ಸೋಂಕು ಒಳಹೊಗುವ ದಾರಿ ಅದು. 'ಚರ್ಮ ಸವೆದಿದೆ' ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿ: ಮೇಲಿನ ಚರ್ಮ ತೆಳುವಾಗಿ ಮಿರಮಿರ ಮಿಂಚಿ ಕೆಂಪಗೋ ನೀಲಿಗೋ ತಿರುಗುತ್ತದೆ. ಡಬ್ಬಿಯ ಅಂಚು ಕಂಡಿತೋ, ಮುಲಾಮು ಹಚ್ಚುವ ಗಾಯವಲ್ಲ ಅದು. ಸಾಮಾನ್ಯವಾಗಿ ಡಬ್ಬಿ, ತಂತಿ ಎಲ್ಲ ಹೊರಗೆ ತೆಗೆಯಬೇಕಾಗುತ್ತದೆ.

'ಬ್ಯಾಟರಿ ಚೇಂಜ್' ಮಾತ್ರ ಖಂಡಿತ ಬೇಡ. ಗಡಿಯಾರಕ್ಕೆ ಶೆಲ್ ಹಾಕಿಸಿದಂತೆ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬ್ಯಾಟರಿಯನ್ನು ಟೈಟಾನಿಯಂ ಡಬ್ಬಿಯೊಳಗೇ ಬೆಸೆದಿರುತ್ತಾರೆ, ಆದ್ದರಿಂದ ಗೂಡು ಕೊಯ್ದು ಇಡೀ ಡಬ್ಬಿಯನ್ನೇ ಬದಲಿಸಬೇಕು. ಹಳೆ ತಂತಿ ಪರೀಕ್ಷೆಯಲ್ಲಿ ಪಾಸಾದರೆ ಹೊಸದಕ್ಕೆ ಸಿಕ್ಕಿಸುತ್ತಾರೆ. ಸೋಂಕಿನ ಭಯ ಮೊದಲ ಸಲಕ್ಕಿಂತ ಈಗಲೇ ಹೆಚ್ಚು. 'ಡಬ್ಬಿ ಬದಲಾವಣೆ' ಅನ್ನಿ.

ಇನ್ನೊಂದಕ್ಕೆ ನನಗೂ ಪದ ಬೇಕು. ಕೆಲವರು ಅರಿವಿಲ್ಲದೆಯೇ ಚರ್ಮದ ಮೇಲಿಂದ ಡಬ್ಬಿಯನ್ನು ತಿರುವುತ್ತಿರುತ್ತಾರೆ; ತಂತಿ ಹಗ್ಗದಂತೆ ಹುರಿಗೊಂಡು ತುದಿ ಕಿತ್ತು ಬರುತ್ತದೆ. 'ತಿರುವುಚಾಳಿ' ಅನ್ನಬಹುದೆ?